ರೈಲು ನಿಲ್ಲುವ ಊರು

ಪ್ರವಾಸ ಹೊರಡುವವರಿಗೆ ರೈಲ್ವೆ ನಿಲ್ದಾಣವೆಂಬುದು ಹತ್ತುವ ಜಾಗ, ಇಳಿಯುವ ಜಾಗ; ನೋಡುವ ಜಾಗವಲ್ಲ. ಬೇಲೂರಿಗೆ ಹೊರಟವರು ದೇವಾಲಯವನ್ನು ನೋಡುತ್ತಾರೆ, ಜೋಗಕ್ಕೆ ಹೊರಟವರು ಜಲಪಾತವನ್ನು ನೋಡುತ್ತಾರೆ. ದಾರಿಯಲ್ಲಿ ಬರುವ ಹತ್ತಾರು ಚಿಕ್ಕ ನಿಲ್ದಾಣಗಳು ಕಿಟಕಿಯಾಚೆ ಒಂದು ಕ್ಷಣ ಸುಳಿದು ಮರೆಯಾಗುತ್ತವೆ. ಹಳದಿ ಹಲಗೆ, ಅದರ ಮೇಲೆ ಕಪ್ಪು ಅಕ್ಷರ, ಪಕ್ಕದಲ್ಲೊಂದು ಮರ, ಕೈಯಲ್ಲಿ ಹಸಿರು ಬಾವುಟ ಹಿಡಿದು ನಿಂತ ನೌಕರ - ಇಷ್ಟನ್ನು ಕಣ್ಣು ಗ್ರಹಿಸುವಷ್ಟರಲ್ಲಿ ಗಾಡಿ ಮುಂದೆ ಸಾಗಿರುತ್ತದೆ. ಹಲಗೆಯ ಮೇಲಿನ ಊರಿನ ಹೆಸರನ್ನು ಪೂರ್ತಿಯಾಗಿ ಓದುವುದಕ್ಕೂ ಅವಕಾಶ ಸಿಗುವುದಿಲ್ಲ. ಹೀಗೆ ಹಿಂದೆ ಬಿದ್ದ ನಿಲ್ದಾಣದಲ್ಲಿ ಇಳಿದು ನೋಡುವಂಥ ಚೆಲುವು ಉಂಟೆ? ಉಂಟು ಎಂಬುದಕ್ಕೆ ಮಂಡ್ಯ ಜಿಲ್ಲೆಯ ಅಕ್ಕಿಹೆಬ್ಬಾಳು ಒಳ್ಳೆಯ ಸಾಕ್ಷಿ. ಆದರೆ ಆ ಚೆಲುವು ಎಂಥದು, ಅದು ಉಳಿಯುವುದು ಹೇಗೆ ಎಂಬುದನ್ನು ಸ್ವಲ್ಪ ಯೋಚಿಸಿ ತಿಳಿಯಬೇಕು.

ಅಕ್ಕಿಹೆಬ್ಬಾಳು ಕೃಷ್ಣರಾಜಪೇಟೆ ತಾಲ್ಲೂಕಿಗೆ ಸೇರಿದ, ಹೇಮಾವತಿ ನದಿಯ ದಡದ ಊರು. ಲಕ್ಷ್ಮೀನರಸಿಂಹನ ದೇವಾಲಯ, ಭತ್ತದ ಗದ್ದೆಗಳು, ತೆಂಗಿನ ತೋಟಗಳು, ಕಬ್ಬಿನ ಹೊಲಗಳು - ನದಿಯ ನೀರನ್ನು ನಂಬಿದ ಹಳ್ಳಿಯ ಸಿರಿಯೆಲ್ಲ ಇಲ್ಲಿದೆ. ಮೈಸೂರಿನಿಂದ ಹಾಸನದ ಮೂಲಕ ಅರಸೀಕೆರೆಗೆ ಹೋಗುವ ರೈಲುಮಾರ್ಗ ಈ ಊರನ್ನು ಮುಟ್ಟಿಕೊಂಡು ಹೋಗುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದರು. ಈ ಮಾರ್ಗ ರೂಪುಗೊಂಡದ್ದು ಆ ಕಾಲದಲ್ಲಿಯೇ. ಆಗ ಹಾಕಿದ್ದು ಮೀಟರ್ ಗೇಜ್ ಹಳಿ. ಎರಡು ಕಂಬಿಗಳ ನಡುವಣ ಅಂತರ ಸರಿಯಾಗಿ ಒಂದು ಮೀಟರು. 1990ರ ದಶಕದಲ್ಲಿ ಅದನ್ನು ತೆಗೆದು 1,676 ಮಿಲಿಮೀಟರು ಅಂತರದ ಬ್ರಾಡ್ ಗೇಜ್ ಹಳಿಯನ್ನು ಹಾಕಲಾಯಿತು. ಕಲ್ಲಿದ್ದಲು ಉರಿಸುತ್ತಿದ್ದ ಉಗಿಬಂಡಿಗಳ ಕಾಲವೂ ಮುಗಿಯಿತು. ಹಳಿ ಬದಲಾಯಿತು, ಬಂಡಿ ಬದಲಾಯಿತು. ಹೊಳೆಯೂ ಗದ್ದೆಯೂ ಇದ್ದಲ್ಲಿಯೇ ಇವೆ.

ಈ ನಿಲ್ದಾಣದ ಸೊಗಸು ನಿಲ್ದಾಣದಲ್ಲಿ ಆರಂಭವಾಗುವುದಿಲ್ಲ. ಅಲ್ಲಿಗೆ ಬರುವ ದಾರಿಯಲ್ಲಿಯೇ ಆರಂಭವಾಗುತ್ತದೆ. ಮೈಸೂರನ್ನು ಬಿಟ್ಟ ಗಾಡಿ ಬೆಳಗೊಳ, ಕೃಷ್ಣರಾಜಸಾಗರ ನಿಲ್ದಾಣಗಳನ್ನು ಹಾದು ಸಾಗರಕಟ್ಟೆಯ ಬಳಿ ಕಾವೇರಿಯನ್ನು ದಾಟುತ್ತದೆ. ಅಲ್ಲಿ ಕಾವೇರಿ ಹರಿಯುವ ಹೊಳೆಯಲ್ಲ, ಹರಡಿ ನಿಂತ ಸಾಗರ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ಹಿನ್ನೀರು ಅಲ್ಲಿಯವರೆಗೂ ಚಾಚಿಕೊಂಡಿದೆ. ಮುಂಗಾರು ಚೆನ್ನಾಗಿ ಸುರಿದು ಜಲಾಶಯ ತುಂಬಿದ ವರ್ಷ ಸೇತುವೆಯ ಎರಡು ಕಡೆಯೂ ಕಣ್ಣು ಹರಿಯುವವರೆಗೆ ನೀರೇ ನೀರು. ಬೇಸಗೆಯಲ್ಲಿ ನೀರು ಹಿಂದೆ ಸರಿದಾಗ ಅದೇ ಜಾಗದಲ್ಲಿ ಒಣಗಿದ ನೆಲ ಕಾಣಿಸುತ್ತದೆ. ನಾಡಿನಲ್ಲಿ ಮಳೆ ಬಂದಿದೆಯೇ, ಬಂದಿಲ್ಲವೇ ಎಂಬುದನ್ನು ಆ ವರ್ಷದ ಪತ್ರಿಕೆಗಳನ್ನು ಓದದೆಯೂ ರೈಲಿನ ಕಿಟಕಿಯಿಂದಲೇ ಅರಿಯಬಹುದು.

ಆಮೇಲೆ ಭತ್ತದ ಕಣಜವೆಂದು ಹೆಸರಾದ ಕೃಷ್ಣರಾಜನಗರದ ಸೀಮೆ. ಗಾಡಿ ಚಿಕ್ಕ ಚಿಕ್ಕ ಊರುಗಳಲ್ಲಿ ನಿಂತು, ಹೊರಟು, ಕೊನೆಗೆ ಅಕ್ಕಿಹೆಬ್ಬಾಳಿನ ಬಳಿ ಹೇಮಾವತಿಯನ್ನು ದಾಟುತ್ತದೆ. ಈ ಹೊಳೆ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ ಹುಟ್ಟಿ, ಸಕಲೇಶಪುರ, ಗೊರೂರು, ಹೊಳೆನರಸೀಪುರಗಳನ್ನು ಕಂಡು, ಸುಮಾರು 245 ಕಿಲೋಮೀಟರು ಹರಿದು ಕಾವೇರಿಯನ್ನು ಸೇರುತ್ತದೆ. ಅಕ್ಕಿಹೆಬ್ಬಾಳಿಗೆ ಬರುವ ಹೊತ್ತಿಗೆ ಅದರ ಪಯಣ ಮುಗಿಯುತ್ತ ಬಂದಿರುತ್ತದೆ. ಪ್ರಯಾಣಿಕನು ಕೆಲವು ಗಂಟೆಗಳ ಒಳಗೆ ಎರಡು ಹೊಳೆಗಳನ್ನು ಬೇರೆ ಬೇರೆಯಾಗಿ ದಾಟುತ್ತಾನೆ. ಅವೆರಡೂ ಕೂಡುವುದು ಕೆಳಗಡೆ ಅದೇ ಜಲಾಶಯದಲ್ಲಿ. ಭೂಗೋಳದ ಪಾಠದಲ್ಲಿ ಒಂದು ವಾಕ್ಯವಾಗಿ ಬರುವ ಸಂಗತಿ ಇಲ್ಲಿ ಕಣ್ಣೆದುರಿನ ನೋಟವಾಗುತ್ತದೆ.

ಇಂಥ ನಿಲ್ದಾಣದಲ್ಲಿ ಇಳಿದವನು ಮೊದಲು ನೋಡಬೇಕಾದದ್ದು ಹೆಸರಿನ ಹಲಗೆಯನ್ನು. ಅದರಲ್ಲಿ ಊರಿನ ಹೆಸರು ಮೂರು ಭಾಷೆಗಳಲ್ಲಿರುತ್ತದೆ. ಕೆಳಗೆ ಸಮುದ್ರಮಟ್ಟದಿಂದ ಆ ಜಾಗ ಎಷ್ಟು ಎತ್ತರದಲ್ಲಿದೆ ಎಂಬ ಲೆಕ್ಕವಿರುತ್ತದೆ. ಒಂದು ನಿಲ್ದಾಣದ ಎತ್ತರವನ್ನು ಮುಂದಿನದರ ಎತ್ತರದೊಡನೆ ಹೋಲಿಸಿದರೆ ದಾರಿ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುತ್ತದೆ. ಗಾಡಿ ಹೊರಟುಹೋದ ಮೇಲೆ ಆವರಿಸುವ ಮೌನ ಪಟ್ಟಣದ ಯಾವ ನಿಲ್ದಾಣದಲ್ಲಿಯೂ ಸಿಗದು. ಹಕ್ಕಿಯ ಕೂಗು, ಎಲ್ಲೋ ದೂರದ ಪಂಪುಸೆಟ್ಟಿನ ಸದ್ದು, ಗದ್ದೆಯ ಮೇಲೆ ಬೀಸಿಬಂದ ಗಾಳಿ - ಇವು ಒಂದೊಂದಾಗಿ ಕಿವಿಗೆ ಬೀಳುತ್ತವೆ. ಅವೆಲ್ಲ ಗಾಡಿ ಬಂದಾಗಲೂ ಅಲ್ಲಿಯೇ ಇದ್ದವು. ಕೇಳಿಸುವುದು ಮಾತ್ರ ಅದು ಹೋದ ಮೇಲೆ.

ಅಕ್ಕಿಹೆಬ್ಬಾಳಿನ ಹೆಸರನ್ನು ಕನ್ನಡ ಸಾಹಿತ್ಯದೊಳಕ್ಕೆ ಕೊಂಡೊಯ್ದವರು ಎ.ಎನ್. ಮೂರ್ತಿರಾಯರು. ಅವರ ಹೆಸರಿನ ಮೊದಲ ಅಕ್ಷರ ನಿಂತಿರುವುದು ಈ ಊರಿಗಾಗಿ. ಅವರು 1900ರಲ್ಲಿ ಇಲ್ಲಿ ಹುಟ್ಟಿದರು; ಊರಿಗೆ ರೈಲು ಬರುವ ಮೊದಲೇ ಹುಟ್ಟಿ, ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂದ ಮೇಲೆ, 2003ರಲ್ಲಿ ಕಣ್ಮುಚ್ಚಿದರು. 1937ರಲ್ಲಿ ಪ್ರಕಟವಾದ ಅವರ ‘ಹಗಲುಗನಸುಗಳು’ ಕನ್ನಡದ ಲಲಿತ ಪ್ರಬಂಧಗಳಲ್ಲಿ ಹೆಸರುವಾಸಿಯಾದ ಸಂಗ್ರಹ. ‘ಚಿತ್ರಗಳು-ಪತ್ರಗಳು’ ಕೃತಿಗೆ 1979ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಲಲಿತ ಪ್ರಬಂಧದ ಗುಣವೇ ಸಣ್ಣ ಸಂಗತಿಯ ಮುಂದೆ ನಿಲ್ಲುವುದು. ದೊಡ್ಡ ದೊಡ್ಡ ವಿಷಯಗಳ ನಡುವೆ ಎಲ್ಲರೂ ದಾಟಿಹೋಗುವ ಒಂದು ಪುಟ್ಟ ಅನುಭವದ ಬಳಿ ಅದು ಇಳಿದು, ಕುಳಿತು, ಸುತ್ತ ನೋಡುತ್ತದೆ. ಪ್ರತಿಯೊಂದು ಊರಿನಲ್ಲಿಯೂ ನಿಲ್ಲುವ ಪ್ಯಾಸೆಂಜರ್ ಗಾಡಿಯ ಗುಣವೂ ಅದೇ.

ಹಾಗೆ ನಿಲ್ಲುವುದಕ್ಕೆ ಹಿಂದೆ ಇನ್ನೊಂದು ಕಾರಣವೂ ಇತ್ತು. ಒಂದೇ ಜೋಡಿ ಹಳಿಯಿರುವ ಮಾರ್ಗದಲ್ಲಿ ಎರಡು ಗಾಡಿಗಳು ಎದುರಾಗುವಂತಿಲ್ಲ. ಆದ್ದರಿಂದ ಒಂದು ಗಾಡಿ ನಿಲ್ದಾಣದ ಪಕ್ಕದ ಹಳಿಯಲ್ಲಿ ಕಾಯಬೇಕು, ಇನ್ನೊಂದು ಹಾದುಹೋಗಬೇಕು. ಮುಂದಿನ ದಾರಿ ಖಾಲಿಯಾಗಿದೆ ಎಂಬುದಕ್ಕೆ ಗುರುತಾಗಿ ಚಾಲಕನ ಕೈಗೆ ಒಂದು ಟೋಕನ್ ಕೊಡುವ ಪದ್ಧತಿ ಬಹುಕಾಲ ನಡೆಯಿತು. ದೊಡ್ಡ ಬಳೆಗೆ ಕಟ್ಟಿದ ಚೀಲದಲ್ಲಿ ಅದನ್ನಿಟ್ಟು ಎತ್ತಿ ಹಿಡಿದರೆ, ಓಡುವ ಎಂಜಿನ್ನಿನಿಂದಲೇ ಅದನ್ನು ತೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಈಗ ಬಹುಪಾಲು ಮಾರ್ಗಗಳಲ್ಲಿ ಆ ಕೆಲಸವನ್ನು ಬಣ್ಣದ ದೀಪಗಳೂ ವಿದ್ಯುತ್ ಯಂತ್ರಗಳೂ ಮಾಡುತ್ತವೆ. ಆದರೂ ಒಂದು ಮಾತು ಉಳಿದಿದೆ. ದೊಡ್ಡ ಪಟ್ಟಣಗಳ ನಡುವೆ ವೇಗದ ಗಾಡಿ ನಿರ್ಭಯವಾಗಿ ಓಡಬೇಕಾದರೆ, ನಡುವಣ ಚಿಕ್ಕ ನಿಲ್ದಾಣದಲ್ಲಿ ಯಾರೋ ಒಬ್ಬರು ಎಚ್ಚರವಾಗಿರಬೇಕು.

ಅಕ್ಕಿಹೆಬ್ಬಾಳಿನಿಂದ ಹಾಸನಕ್ಕೆ ಹೋಗಿ, ಅಲ್ಲಿಂದ ಮಂಗಳೂರಿನ ಮಾರ್ಗ ಹಿಡಿದರೆ ಸಕಲೇಶಪುರದಲ್ಲಿ ಅದೇ ಹೇಮಾವತಿ ಮತ್ತೆ ಸಿಗುತ್ತದೆ. ಆದರೆ ಅದು ಎಳೆಯ ಹೇಮಾವತಿ. ಅಲ್ಲಿಂದಾಚೆ ಹಳಿ ಘಟ್ಟವನ್ನು ಇಳಿಯತೊಡಗುತ್ತದೆ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು - ಹೆಸರುಗಳೇ ಕಾಡಿನ ಕಂಪನ್ನು ಹೊತ್ತಿವೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳೂ ನೂರಕ್ಕೂ ಹೆಚ್ಚು ಸೇತುವೆಗಳೂ ಇವೆ. 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದ ಈ ಮಾರ್ಗವನ್ನು 1990ರ ದಶಕದಲ್ಲಿ ಮುಚ್ಚಿ, ಅಗಲಗೊಳಿಸಿ, 2007ರಲ್ಲಿ ಪ್ರಯಾಣಿಕರ ಗಾಡಿಗಳಿಗೆ ಮತ್ತೆ ತೆರೆದರು. ದಟ್ಟವಾದ ಕಾಡಿನ ನಡುವಣ ಎಡಕುಮೇರಿಯನ್ನು ನಾಡಿನ ಅತ್ಯಂತ ರಮ್ಯ ನಿಲ್ದಾಣಗಳಲ್ಲಿ ಒಂದೆಂದು ಹೊಗಳುವವರು ಅನೇಕರು. ಆ ಹೊಗಳಿಕೆ ಸುಳ್ಳಲ್ಲ.

ಆದರೆ ಎಡಕುಮೇರಿಯನ್ನು ಮೆಚ್ಚಿದವರಲ್ಲಿ ಹಲವರು ಅದನ್ನು ನೋಡಿದ ಬಗೆ ಸರಿಯಾದದ್ದಲ್ಲ. ಅವರು ಗಾಡಿಯಲ್ಲಿ ಕುಳಿತು ನೋಡಲಿಲ್ಲ. ಹಳಿಯ ಮೇಲೆ ನಡೆದು, ಸುರಂಗಗಳನ್ನು ಹೊಕ್ಕು, ಸೇತುವೆಗಳನ್ನು ದಾಟಿ ಹೋದರು. ಸುರಂಗದೊಳಗೆ ಗಾಡಿ ಬಂದರೆ ಸರಿದು ನಿಲ್ಲುವ ಜಾಗ ಕಿರಿದು. ಸೇತುವೆಯ ಮೇಲೆ ಅದೂ ದುರ್ಲಭ. ರೈಲ್ವೆ ಇಲಾಖೆ ಈ ನಡಿಗೆಯನ್ನು ನಿಷೇಧಿಸಿದೆ. ಅಪ್ಪಣೆಯಿಲ್ಲದೆ ಹಳಿಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯಿದೆಯ ಪ್ರಕಾರ ಅಪರಾಧ. 2024ರ ಜುಲೈ ತಿಂಗಳಲ್ಲಿ ಎಡಕುಮೇರಿ, ಕಡಗರವಳ್ಳಿಗಳ ನಡುವೆ ಗುಡ್ಡ ಕುಸಿದು ಗಾಡಿಗಳ ಓಡಾಟ ನಿಂತಾಗ, ಅದನ್ನು ಸರಿಪಡಿಸಲು ನೌಕರರೂ ಕೂಲಿಗಳೂ ಮಳೆಯಲ್ಲಿಯೇ ದುಡಿಯಬೇಕಾಯಿತು. ನೋಡಿ ಬರುವವರಿಗೆ ಆ ಕಾಡು ಒಂದು ದಿನದ ಬೆರಗು. ಹಳಿ ಕಾಯುವವರಿಗೆ ಅದು ವರ್ಷವೆಲ್ಲ ಎಚ್ಚರ. ಈ ಎರಡನೆಯದನ್ನು ಮರೆತ ಸೌಂದರ್ಯಪ್ರೇಮ ಅರ್ಧ ಪ್ರೇಮ.

ಇನ್ನೊಂದು ಬಗೆಯ ನಿಲ್ದಾಣ ಮಲೆನಾಡಿನ ಅರಸಾಳಿನದು. ಅರಸೀಕೆರೆ, ಬೀರೂರುಗಳ ಮೂಲಕ ಶಿವಮೊಗ್ಗವನ್ನು ದಾಟಿ ತಾಳಗುಪ್ಪದ ಕಡೆಗೆ ಹೋಗುವ ಮಾರ್ಗದಲ್ಲಿ ಅದು ಸಿಗುತ್ತದೆ. ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರ್‌ನಾಗ್ ಅವರು 1980ರ ದಶಕದಲ್ಲಿ ದೂರದರ್ಶನಕ್ಕಾಗಿ ಚಿತ್ರಿಸಿದಾಗ, ಮಾಲ್ಗುಡಿ ಎಂಬ ಕಲ್ಪನೆಯ ಊರಿಗೆ ಅರಸಾಳು ನಿಲ್ದಾಣವಾಯಿತು. ಮುಂದೆ ಶಿಥಿಲವಾಗಿದ್ದ ಆ ಹಳೆಯ ಕಟ್ಟಡವನ್ನು ರೈಲ್ವೆಯವರು ಕೆಡವದೆ ದುರಸ್ತಿ ಮಾಡಿಸಿ, 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಇದು ಮೆಚ್ಚತಕ್ಕ ಕೆಲಸ. ಹಳೆಯದೆಂದರೆ ಕೆಡವುವುದು, ಹೊಸದೆಂದರೆ ಕಟ್ಟುವುದು ಎಂದಷ್ಟೇ ತಿಳಿದ ಕಾಲದಲ್ಲಿ ಒಂದು ಪುಟ್ಟ ನಿಲ್ದಾಣಕ್ಕೆ ಇಷ್ಟು ಗೌರವ ದೊರೆತದ್ದು ಸಂತೋಷದ ಸಂಗತಿ. ಕಥೆಯ ಬಲದಿಂದ ಕಟ್ಟಡವೊಂದು ಉಳಿಯಿತು.

ಆದರೆ ಎಲ್ಲ ನಿಲ್ದಾಣಗಳಿಗೂ ಒಬ್ಬ ನಾರಾಯಣ, ಒಬ್ಬ ಶಂಕರ್‌ನಾಗ್ ಸಿಗುವುದಿಲ್ಲ. ಎಡಕುಮೇರಿಯನ್ನು ಅದರ ಕಾಡು ಪ್ರಸಿದ್ಧಗೊಳಿಸಿತು, ಅರಸಾಳನ್ನು ಅದರ ಕಥೆ ಪ್ರಸಿದ್ಧಗೊಳಿಸಿತು. ಅಕ್ಕಿಹೆಬ್ಬಾಳಿನಂಥ ನಿಲ್ದಾಣಕ್ಕೆ ಇರುವುದು ಅದರ ಪ್ರಯಾಣಿಕರು ಮಾತ್ರ. ತಲೆಯ ಮೇಲೆ ತರಕಾರಿಯ ಬುಟ್ಟಿ ಹೊತ್ತು ಬರುವವಳು, ಪಟ್ಟಣದ ಕಾಲೇಜಿಗೆ ಹೋಗುವ ಹುಡುಗ, ಆಸ್ಪತ್ರೆಗೆಂದು ಮಗನ ಕೈ ಹಿಡಿದು ಹೊರಟ ಮುದುಕ - ಇಂಥವರು ಬಂದು ನಿಲ್ಲುವುದರಿಂದಲೇ ಹಳ್ಳಿಯ ನಿಲ್ದಾಣ ನಿಲ್ದಾಣವಾಗಿದೆ. ಅದರ ಚೆಲುವು ಹೊಳೆಯಲ್ಲಿ, ಗದ್ದೆಯಲ್ಲಿ ಅರ್ಧ ಇದ್ದರೆ, ಇನ್ನರ್ಧ ಈ ಉಪಯೋಗದಲ್ಲಿದೆ. ಗಾಡಿ ನಿಲ್ಲದ ನಿಲ್ದಾಣ, ನೀರಿಲ್ಲದ ಕೆರೆಯ ಹಾಗೆ. ಏರಿಯಿರುತ್ತದೆ, ತೂಬಿರುತ್ತದೆ, ಕೆರೆಯಿರುವುದಿಲ್ಲ.

ಇದು ಬರಿಯ ಮಾತಿನ ಅಲಂಕಾರವಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ರೋಗದ ನಿಮಿತ್ತ ದೇಶದ ಪ್ರಯಾಣಿಕ ಗಾಡಿಗಳೆಲ್ಲ ನಿಂತವು. ಮತ್ತೆ ಆರಂಭವಾದಾಗ ಮೊದಲು ಓಡಿದವು ದೂರದ ಗಾಡಿಗಳು. ಹಳ್ಳಿಗಳಲ್ಲಿ ನಿಲ್ಲುವ ಪ್ಯಾಸೆಂಜರುಗಳ ಸರದಿ ಬಂದದ್ದು ತಡವಾಗಿ. ಅವು ಬಂದಾಗಲೂ ವಿಶೇಷ ಗಾಡಿಗಳೆಂಬ ಹೆಸರಿನಿಂದ ಬಂದವು. ಕನಿಷ್ಠ ದರ ಹತ್ತು ರೂಪಾಯಿ ಇದ್ದದ್ದು ಮೂವತ್ತು ರೂಪಾಯಿಯಾಯಿತು. 2024ರ ಫೆಬ್ರವರಿಯಲ್ಲಷ್ಟೇ ಹಳೆಯ ದರ ಮರಳಿತು. ಪಟ್ಟಣಿಗನಿಗೆ ಇಪ್ಪತ್ತು ರೂಪಾಯಿಯ ವ್ಯತ್ಯಾಸ ಗಣನೆಗೆ ಬಾರದಿರಬಹುದು. ದಿನವೂ ಹೋಗಿಬರುವ ಬಡವನಿಗೆ ಅದು ಒಂದು ಹೊತ್ತಿನ ಊಟದ ಮಾತು. ಆ ಕಾಲದಲ್ಲಿ ಬಸ್ಸನ್ನು ಹಿಡಿದವರು ಎಲ್ಲರೂ ರೈಲಿಗೆ ಮರಳಿ ಬರುವರೆಂದು ಹೇಳುವಂತಿಲ್ಲ. ಅವರು ಬರದಿದ್ದರೆ ನಿಲ್ದಾಣದ ಲೆಕ್ಕದ ಪುಸ್ತಕದಲ್ಲಿ ಟಿಕೆಟ್ಟುಗಳ ಸಂಖ್ಯೆ ಇಳಿಯುತ್ತದೆ. ಸಂಖ್ಯೆ ಇಳಿದ ನಿಲ್ದಾಣದ ನಿಲುಗಡೆಗೆ ಭದ್ರತೆ ಇರುವುದಿಲ್ಲ.

ಇದಕ್ಕೆ ಎದುರಾದ ವಾದವನ್ನೂ ಕೇಳಬೇಕು. ಗಾಡಿಯೊಂದು ಒಂದು ನಿಮಿಷ ನಿಲ್ಲುವುದೆಂದರೆ ನಷ್ಟವಾಗುವುದು ಒಂದೇ ನಿಮಿಷವಲ್ಲ. ನೂರಾರು ಟನ್ ತೂಕದ ಗಾಡಿ ದೂರದಿಂದಲೇ ವೇಗವನ್ನು ತಗ್ಗಿಸಬೇಕು, ನಿಂತ ಮೇಲೆ ಮತ್ತೆ ಮೊದಲಿನ ವೇಗಕ್ಕೆ ಏರಬೇಕು. ಅದಕ್ಕೆ ಸಮಯ ಬೇಕು, ಇಂಧನ ಬೇಕು. ಹಿಂದೆ ಬರುವ ಗಾಡಿಗಳೂ ತಡವಾಗುತ್ತವೆ. ಹತ್ತು ಜನರಿಗಾಗಿ ಸಾವಿರ ಜನರನ್ನು ಕಾಯಿಸುವುದು ನ್ಯಾಯವೇ ಎಂದು ರೈಲ್ವೆಯವರು ಕೇಳಿದರೆ, ಆ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಪ್ರತಿಯೊಂದು ಎಕ್ಸ್‌ಪ್ರೆಸ್ ಗಾಡಿಯೂ ಪ್ರತಿಯೊಂದು ಹಳ್ಳಿಯಲ್ಲಿ ನಿಲ್ಲಬೇಕೆಂಬ ಬೇಡಿಕೆ ವಿವೇಕದ್ದಲ್ಲ. ದೂರ ಹೋಗುವವರ ಹೊತ್ತಿಗೂ ಬೆಲೆಯುಂಟು.

ಆದರೆ ವೇಗದ ಗಾಡಿ ವೇಗವಾಗಿಯೇ ಹೋಗಲಿ ಎನ್ನುವುದಕ್ಕೂ, ನಿಲ್ಲುವ ಗಾಡಿ ಬೇಡವೇ ಬೇಡ ಎನ್ನುವುದಕ್ಕೂ ಅಂತರವಿದೆ. ಬೆಳಿಗ್ಗೆ ಒಂದು, ಸಂಜೆ ಒಂದು ಗಾಡಿ ಹೊತ್ತಿಗೆ ಸರಿಯಾಗಿ ನಿಂತರೆ ಹಳ್ಳಿಯ ಬಾಳಿಗೆ ಸಾಕಾಗುತ್ತದೆ. ಅಷ್ಟನ್ನು ಕೊಡದಿರಲು ವೇಗದ ನೆಪ ಸಲ್ಲದು. ಲಾಭವೊಂದೇ ಅಳತೆಯಾಗಿದ್ದರೆ ಹಳ್ಳಿಗೆ ಅಂಚೆಯೂ ಬರುತ್ತಿರಲಿಲ್ಲ, ಶಾಲೆಯೂ ಬರುತ್ತಿರಲಿಲ್ಲ. ಗದ್ದೆಯ ನಡುವೆ ಹಳಿಯನ್ನು ಹಾಯಿಸುವುದಕ್ಕಾಗಿ ನೆಲವನ್ನು ಕೊಟ್ಟದ್ದು ಹಳ್ಳಿ; ಆ ಹಳಿಯ ಮೇಲೆ ಓಡುವ ಗಾಡಿ ಹಳ್ಳಿಗೆ ಬರಿಯ ಸದ್ದನ್ನೂ ಧೂಳನ್ನೂ ಕೊಟ್ಟು ಹೋಗುವುದು ಉಚಿತವಲ್ಲ.

ಇಲ್ಲಿ ನೋಡಲು ಬರುವವರ ಪಾಲೂ ಒಂದಿದೆ. ಸಣ್ಣ ನಿಲ್ದಾಣದ ಚೆಲುವನ್ನು ಮೆಚ್ಚುವವರು ಕಾರಿನಲ್ಲಿ ಬಂದು, ಚಿತ್ರ ತೆಗೆದುಕೊಂಡು, ಕಾರಿನಲ್ಲಿಯೇ ಮರಳಿದರೆ ನಿಲ್ದಾಣಕ್ಕೆ ದೊರೆಯುವುದೇನು? ರೈಲಿನಲ್ಲಿಯೇ ಬಂದು ರೈಲಿನಲ್ಲಿಯೇ ಹೋಗುವುದು ಸರಿಯಾದ ದಾರಿ. ಅವರು ಕೊಂಡ ಹತ್ತು ರೂಪಾಯಿಯ ಟಿಕೆಟ್ಟು ಅಲ್ಪವೇ ಇರಬಹುದು. ಆದರೆ ನಿಲ್ದಾಣದ ಪರವಾಗಿ ಇಲಾಖೆಯ ಲೆಕ್ಕದಲ್ಲಿ ಮಾತನಾಡುವುದು ಆ ಟಿಕೆಟ್ಟೇ ಹೊರತು ಗೋಡೆಗೆ ತೂಗುಹಾಕಿದ ಚಿತ್ರವಲ್ಲ. ಹಳಿ ದಾಟದೆ, ಕಸ ಚೆಲ್ಲದೆ, ಕರ್ತವ್ಯದಲ್ಲಿರುವವರ ಕೆಲಸಕ್ಕೆ ಅಡ್ಡಿಯಾಗದೆ ಇದ್ದರೆ, ಬಂದವರಿಗೂ ನೆಮ್ಮದಿ, ಇರುವವರಿಗೂ ನೆಮ್ಮದಿ.

ಹೀಗೆ ಹೊರಡುವುದಕ್ಕೆ ಅಕ್ಕಿಹೆಬ್ಬಾಳೇ ಆಗಬೇಕೆಂದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯಂತೆ ಹತ್ತಿರದ ನಿಲ್ದಾಣವನ್ನು ಯಾರೂ ನೋಡುವುದಿಲ್ಲ. ನಾಡಿನ ರೈಲುಮಾರ್ಗಗಳ ಉದ್ದಕ್ಕೂ ಇಂಥ ಊರುಗಳಿವೆ. ಒಂದರ ಪಕ್ಕದಲ್ಲಿ ಕೆರೆ, ಇನ್ನೊಂದರ ಹಿಂದೆ ಗುಡ್ಡ, ಮತ್ತೊಂದರ ಮುಂದೆ ಹುಣಿಸೆಯ ತೋಪು. ಶಾಲೆಯ ಮಕ್ಕಳು ತಮ್ಮ ಉಪಾಧ್ಯಾಯರೊಡನೆ ಒಂದು ದಿನ ಅಲ್ಲಿಗೆ ಹೋಗಬಹುದು. ಹಲಗೆಯ ಮೇಲಿನ ಎತ್ತರವನ್ನು ಬರೆದುಕೊಳ್ಳಬಹುದು; ಯಾವ ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ, ಯಾರು ಇಳಿಯುತ್ತಾರೆ, ಏನನ್ನು ಹೊತ್ತು ಹತ್ತುತ್ತಾರೆ ಎಂಬುದನ್ನು ನೋಡಬಹುದು. ತಮ್ಮ ಊರು ಹೊರಗಿನ ಲೋಕಕ್ಕೆ ಏನನ್ನು ಕಳಿಸುತ್ತದೆ, ಅಲ್ಲಿಂದ ಏನನ್ನು ತರಿಸಿಕೊಳ್ಳುತ್ತದೆ ಎಂಬುದರ ಪಾಠ ಅರ್ಧ ದಿನದಲ್ಲಿ ಆಗುತ್ತದೆ.

ದೊಡ್ಡ ನಿಲ್ದಾಣಗಳು ತಮ್ಮ ಬಲದಿಂದಲೇ ಉಳಿಯುತ್ತವೆ. ಚಿಕ್ಕವು ಉಳಿಯುವುದು ಜನ ಅವುಗಳನ್ನು ಬಳಸುವುದರಿಂದ. ಮೈಸೂರಿನಿಂದ ಹೊರಟ ಪ್ಯಾಸೆಂಜರ್ ಗಾಡಿ ಹೇಮಾವತಿಯನ್ನು ದಾಟುವಾಗ, ಇಳಿಯಬೇಕಾದವರು ಚೀಲಗಳನ್ನು ಕೈಗೆತ್ತಿಕೊಂಡು ಬಾಗಿಲ ಬಳಿಗೆ ಬರುತ್ತಾರೆ. ಗಾಡಿಯ ವೇಗ ತಗ್ಗುತ್ತದೆ. ಹಳದಿಯ ಹಲಗೆ ಮೆಲ್ಲನೆ ಕಿಟಕಿಯ ಎದುರಿಗೆ ಬಂದು ನಿಲ್ಲುತ್ತದೆ. ಆಗ ಒಳಗೆ ಕುಳಿತವರೂ ಆ ಊರಿನ ಹೆಸರನ್ನು ಪೂರ್ತಿಯಾಗಿ ಓದುತ್ತಾರೆ.